ಗುಂಟೆ ಮಾರಿ ಪದವಿ ಕೊಳ್ಳುವ ಮುನ್ನ

ಹೆಬ್ಬಾಳದ ಕೃಷಿ ಆವರಣದಿಂದ ಬಳ್ಳಾರಿ ರಸ್ತೆಯಲ್ಲಿ ಪೇಟೆಯ ಕಡೆಗೆ ಸ್ವಲ್ಪ ದೂರ ನಡೆದರೆ ಗಂಗಾನಗರ ಸಿಗುತ್ತದೆ. ಪಿ.ಯು.ಸಿ. ಫಲಿತಾಂಶ ಬಂದ ಮೇಲಿನ ಕೆಲವು ವಾರಗಳಲ್ಲಿ ಇಲ್ಲಿಯ ಬೀದಿಗಳಲ್ಲಿ ಒಂದು ದೃಶ್ಯ ತಪ್ಪದೆ ಕಾಣುತ್ತದೆ. ಕೈಯಲ್ಲಿ ಅಂಕಪಟ್ಟಿಯ ಚೀಲ ಹಿಡಿದ ತಂದೆ, ಪಕ್ಕದಲ್ಲಿ ಮಗನೋ ಮಗಳೋ, ಇಬ್ಬರೂ ವಸತಿಗೃಹಗಳ ಬೋರ್ಡುಗಳನ್ನು ಓದುತ್ತ ಬಾಡಿಗೆ ವಿಚಾರಿಸುತ್ತ ನಡೆಯುತ್ತಾರೆ. ಯಲಹಂಕದಿಂದ ಯಶವಂತಪುರದವರೆಗೆ ಹಬ್ಬಿರುವ ಕಾಲೇಜುಗಳಲ್ಲಿ ಒಂದಕ್ಕೆ ಸೇರಲು ಬಂದವರು ಇವರು. ಇವರಲ್ಲಿ ಬೇಸಾಯಗಾರರ ಸಂಖ್ಯೆ ಕಡಿಮೆಯೇನಲ್ಲ.

ಕಳೆದ ವರ್ಷ ದೊಡ್ಡಬಳ್ಳಾಪುರ ತಾಲ್ಲೂಕಿನ ರೈತರೊಬ್ಬರು ಹೀಗೆಯೇ ಬಂದು ನನ್ನನ್ನು ಕಂಡರು. ರಾಗಿ, ಸ್ವಲ್ಪ ದ್ರಾಕ್ಷಿ, ಎರಡು ಹಸು ಇಟ್ಟುಕೊಂಡಿರುವ ಶ್ರಮಜೀವಿ. ಮಗಳು ವಾಣಿಜ್ಯ ವಿಭಾಗದಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ಖಾಸಗಿ ಕಾಲೇಜೊಂದರಲ್ಲಿ ಬಿಸಿನೆಸ್ ಅನಲಿಟಿಕ್ಸ್ ಎಂಬ ವಿಷಯದ ಮೂರು ವರ್ಷದ ಬಿ.ಬಿ.ಎ. ಪದವಿಗೆ ಸೀಟು ಗೊತ್ತುಮಾಡಿದ್ದರು. ಹಣಕ್ಕಾಗಿ ರಸ್ತೆ ಪಕ್ಕದ ಇಪ್ಪತ್ತು ಗುಂಟೆ ಮಾರಲು ಮಾತುಕತೆಯೂ ಆಗಿತ್ತು. "ಈ ಓದು ಒಳ್ಳೆಯದೇ ಸ್ವಾಮಿ?" ಎಂದು ಕೇಳಿದರು. ಹೌದು ಎನ್ನಲೂ ಆಗಲಿಲ್ಲ, ಅಲ್ಲ ಎನ್ನಲೂ ಆಗಲಿಲ್ಲ. ಅಂದು ಅವರೊಡನೆ ಕುಳಿತು ಮಾಡಿದ ಲೆಕ್ಕವನ್ನೇ ಇಲ್ಲಿ ಎಲ್ಲ ರೈತಬಾಂಧವರ ಮುಂದಿಡುತ್ತಿದ್ದೇನೆ.

ಓದು ಕೆಟ್ಟದ್ದಲ್ಲ

ಮೊದಲಿಗೆ ಒಂದು ಮಾತು ಸ್ಪಷ್ಟವಾಗಬೇಕು. ವ್ಯವಹಾರ ವಿಶ್ಲೇಷಣೆ ಎಂಬುದು ಹುಸಿ ವಿದ್ಯೆಯಲ್ಲ. ಅಂಕಿ ಅಂಶಗಳನ್ನು ಕೂಡಿಹಾಕಿ, ಅವುಗಳಿಂದ ಮುಂದೇನಾಗಬಹುದೆಂದು ತಿಳಿದು, ವ್ಯಾಪಾರದ ತೀರ್ಮಾನ ಕೈಗೊಳ್ಳುವುದೇ ಇದರ ತಿರುಳು. ಇದಕ್ಕೆ ಆಧಾರವಾದ ಸಂಖ್ಯಾಶಾಸ್ತ್ರ ಬಹುಮಟ್ಟಿಗೆ ಬೆಳೆದದ್ದೇ ಹೊಲದಲ್ಲಿ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ಆರ್. ಎ. ಫಿಷರ್ ಗೊಬ್ಬರ ಮತ್ತು ಇಳುವರಿಯ ಅಂಕಿಗಳನ್ನು ಬಿಡಿಸಲು ಹೋಗಿ ರೂಪಿಸಿದ ವಿಧಾನಗಳನ್ನು ಇಂದು ಬ್ಯಾಂಕುಗಳೂ ಅಂಗಡಿ ಸಮೂಹಗಳೂ ಬಳಸುತ್ತಿವೆ. ನಮ್ಮ ತಳಿ ಪರೀಕ್ಷೆಗಳು ಇಂದಿಗೂ ಅದೇ ದಾರಿಯಲ್ಲಿ ನಡೆಯುತ್ತವೆ.

ದೂರ ಹೋಗುವುದೂ ಬೇಡ. ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿಂದ ಬರುವ ಅಂಕಿಗಳನ್ನು ಒಟ್ಟುಗೂಡಿಸಿ ರೈತರಿಗೆ ಮಳೆಯ ಮಾಹಿತಿ ಕೊಡುತ್ತದೆ. ಅದೇ ಯಲಹಂಕದ ರಾಷ್ಟ್ರೀಯ ಪಶು ಸಾಂಕ್ರಾಮಿಕ ರೋಗಶಾಸ್ತ್ರ ಮತ್ತು ರೋಗ ಮಾಹಿತಿ ಸಂಸ್ಥೆ ಯಾವ ಜಿಲ್ಲೆಯಲ್ಲಿ ಯಾವ ಜಾನುವಾರು ರೋಗ ಕಾಣಿಸಿಕೊಳ್ಳಬಹುದೆಂದು ಮುನ್ಸೂಚನೆ ನೀಡುತ್ತದೆ. ಕೃಷಿ ಮಾರುಕಟ್ಟೆಗಳನ್ನು ಜೋಡಿಸುವ ಏಕೀಕೃತ ಮಾರುಕಟ್ಟೆ ವೇದಿಕೆ 2014ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾಯಿತು. ಇವೆಲ್ಲಕ್ಕೂ ಅಂಕಿ ಓದಬಲ್ಲವರು ಬೇಕು. ರೈತನ ಮಗಳು ಅಂಥವಳಾಗಬಾರದೆಂದು ಹೇಳಲು ನಾನು ಹೊರಟಿಲ್ಲ. ಆ ವಿದ್ಯೆಯನ್ನು ಯಾವ ಬೆಲೆಗೆ, ಯಾರಿಂದ, ಯಾವ ಭರವಸೆಯ ಮೇಲೆ ಕೊಳ್ಳಬೇಕೆಂಬುದೇ ಪ್ರಶ್ನೆ.

ನಾನೇ ಎಡವಿದ ಕಥೆ

ಈ ವಿಷಯದಲ್ಲಿ ಬುದ್ಧಿ ಹೇಳುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. ರೈತರಿಗೆ ಸಾಗುವಳಿ ವೆಚ್ಚದ ಲೆಕ್ಕ ಬರೆಯಿರಿ ಎಂದು ಊರೂರು ತಿರುಗಿ ಹೇಳಿದವನು ನಾನು. ನನ್ನ ಹಿರಿಯ ಮಗನನ್ನು ಇಂಥದೇ ಸ್ನಾತಕೋತ್ತರ ಕೋರ್ಸಿಗೆ ಸೇರಿಸುವಾಗ ಮಾತ್ರ ಒಂದು ಲೆಕ್ಕವನ್ನೂ ಬರೆಯಲಿಲ್ಲ. ಕಾಲೇಜಿನವರು ಹಂಚಿದ ಹೊಳಪು ಕಾಗದದಲ್ಲಿ ಸರಾಸರಿ ಸಂಬಳ ಇಷ್ಟು ಎಂದು ಅಚ್ಚಾಗಿತ್ತು. ಅದನ್ನು ನಂಬಿ ಸಾಲ ತೆಗೆದೆ. ಓದು ಮುಗಿದಾಗ ಅವನ ತರಗತಿಯ ಬಹುಪಾಲು ಹುಡುಗರಿಗೆ ಸಿಕ್ಕಿದ್ದು ಆ ಸಂಖ್ಯೆಯ ಅರ್ಧದಷ್ಟು. ಕೆಲವರಿಗೆ ಸಿಕ್ಕಿದ್ದು ಮಾರಾಟದ ಕೆಲಸ, ವಿಶ್ಲೇಷಣೆಯದಲ್ಲ. ಮಗ ಕಷ್ಟಪಟ್ಟು ದಾರಿ ಮಾಡಿಕೊಂಡ, ಆ ಮಾತು ಬೇರೆ. ಸಾಲದ ಕಂತು ಮಾತ್ರ ನನ್ನ ನಿವೃತ್ತಿಯವರೆಗೂ ಬಂತು.

ವೆಚ್ಚದ ಲೆಕ್ಕ

ಕಾಲೇಜುಗಳ ಶುಲ್ಕ ಒಂದೇ ಸಮನಾಗಿಲ್ಲ. ಆದುದರಿಂದ ಲೆಕ್ಕದ ಅನುಕೂಲಕ್ಕಾಗಿ ಕೆಲವು ಸಂಖ್ಯೆಗಳನ್ನು ಹಿಡಿಯೋಣ. ಓದುಗರು ತಮ್ಮ ಕೈಗೆ ಬಂದ ಸಂಖ್ಯೆಗಳನ್ನು ಈ ಜಾಗದಲ್ಲಿ ಹಾಕಿಕೊಳ್ಳಬೇಕು.

ಖಾಸಗಿ ಕಾಲೇಜಿನ ಶುಲ್ಕ ವರ್ಷಕ್ಕೆ ರೂ. 2,50,000 ಎಂದಿರಲಿ. ಮೂರು ವರ್ಷಕ್ಕೆ ರೂ. 7,50,000. ಊಟ ವಸತಿಗೆ ತಿಂಗಳಿಗೆ ರೂ. 9,000ದಂತೆ ಮೂರು ವರ್ಷಕ್ಕೆ ರೂ. 3,24,000. ಲ್ಯಾಪ್‌ಟಾಪಿಗೆ ರೂ. 50,000. ಒಟ್ಟು ರೂ. 11,24,000.

ಶುಲ್ಕದ ಹಣವನ್ನು ಶೇಕಡಾ 10ರ ಬಡ್ಡಿಗೆ ಬ್ಯಾಂಕಿನಿಂದ ತಂದರೆ ಏನಾಗುತ್ತದೆ ನೋಡಿ. ಪ್ರತಿ ವರ್ಷದ ಆರಂಭದಲ್ಲಿ ಎರಡೂವರೆ ಲಕ್ಷ ಪಡೆದು, ಓದು ಮುಗಿದ ಒಂದು ವರ್ಷದ ಮೇಲೆ ಕಂತು ಆರಂಭವಾಗುವುದಾದರೆ, ಅಷ್ಟರೊಳಗೆ ಸರಳ ಬಡ್ಡಿಯೇ ರೂ. 2,25,000 ಆಗಿರುತ್ತದೆ. ಸಾಲ ರೂ. 9,75,000ಕ್ಕೆ ಏರಿರುತ್ತದೆ. ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು ರೂ. 12,900 ಕಟ್ಟಬೇಕು. ಏಳೂವರೆ ಲಕ್ಷಕ್ಕೆ ಕಟ್ಟಿದ್ದು ಕೊನೆಗೆ ಸುಮಾರು ಹದಿನೈದೂವರೆ ಲಕ್ಷ.

ಹೊಸದಾಗಿ ಕೆಲಸಕ್ಕೆ ಸೇರಿದವರು ಕೈಗೆ ಬರುವ ಸಂಬಳದ ಕಾಲು ಭಾಗಕ್ಕಿಂತ ಹೆಚ್ಚನ್ನು ಕಂತಿಗೆ ಕೊಟ್ಟರೆ ಬೆಂಗಳೂರಿನಲ್ಲಿ ಬದುಕುವುದು ಕಷ್ಟ ಎಂಬುದು ನನ್ನ ಅನುಭವ. ಹಾಗಾದರೆ ಈ ಪದವಿ ಸಾರ್ಥಕವಾಗಲು ಮೊದಲ ದಿನದಿಂದಲೇ ಕೈಗೆ ತಿಂಗಳಿಗೆ ರೂ. 50,000ಕ್ಕೂ ಹೆಚ್ಚು ಬರಬೇಕು. ಮೂರು ವರ್ಷದ ಪದವಿ ಮುಗಿಸಿದ ಇಪ್ಪತ್ತೊಂದರ ಹುಡುಗಿಗೆ ಆ ಕಾಲೇಜಿನಿಂದ ಅಷ್ಟು ಸಂಬಳ ಸಿಗುತ್ತಿದೆಯೇ? ಕಾಲೇಜಿನ ಕಟ್ಟಡ ನೋಡುವ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಇನ್ನೊಂದು ದಾರಿಯ ಲೆಕ್ಕ

ಈಗ ಎರಡನೆಯ ದಾರಿ. ಮಗಳು ಮನೆಯಿಂದಲೇ ಓಡಾಡುತ್ತ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಕಾಂ. ಅಥವಾ ಅರ್ಥಶಾಸ್ತ್ರದ ಜೊತೆ ಸಂಖ್ಯಾಶಾಸ್ತ್ರವಿರುವ ಪದವಿ ಓದುತ್ತಾಳೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಬಸ್ ಖರ್ಚೂ ಇಲ್ಲ. ಶುಲ್ಕ, ಪುಸ್ತಕ, ಇತರೆ ಎಲ್ಲ ಸೇರಿ ವರ್ಷಕ್ಕೆ ರೂ. 25,000 ಹಿಡಿದರೂ ಮೂರು ವರ್ಷಕ್ಕೆ ರೂ. 75,000. ಲ್ಯಾಪ್‌ಟಾಪಿಗೆ ಅದೇ ರೂ. 50,000. ಅನಂತರ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿ.ಜಿ.ಸಿ.ಇ.ಟಿ. ಬರೆದು ಎರಡು ವರ್ಷದ ಎಂ.ಬಿ.ಎ.ಗೆ ಸೇರಿ ಅಲ್ಲಿ ವಿಶ್ಲೇಷಣೆಯನ್ನು ಮುಖ್ಯ ವಿಷಯವಾಗಿ ತೆಗೆದುಕೊಳ್ಳುತ್ತಾಳೆ. ಶುಲ್ಕ ವರ್ಷಕ್ಕೆ ಒಂದು ಲಕ್ಷ, ವಸತಿಗೆ ಮೊದಲಿನ ದರವನ್ನೇ ಹಿಡಿದರೆ ಎರಡು ವರ್ಷಕ್ಕೆ ರೂ. 4,16,000. ಐದು ವರ್ಷದ ಒಟ್ಟು ವೆಚ್ಚ ರೂ. 5,41,000.

ಇಲ್ಲಿ ನಾನು ಒಂದು ಪಕ್ಕಕ್ಕೆ ವಾಲಿ ಲೆಕ್ಕ ಹಾಕಬಾರದು. ಮೊದಲ ದಾರಿಯವಳು ಮೂರು ವರ್ಷಕ್ಕೇ ಕೆಲಸಕ್ಕೆ ಸೇರಿದರೆ, ಎರಡನೆಯ ದಾರಿಯವಳಿಗೆ ಎರಡು ವರ್ಷದ ಸಂಬಳ ತಪ್ಪುತ್ತದೆ. ತಿಂಗಳಿಗೆ ರೂ. 20,000 ಎಂದು ಹಿಡಿದರೆ ಅದು ರೂ. 4,80,000. ಅದನ್ನೂ ಸೇರಿಸಿದರೆ ಎರಡನೆಯ ದಾರಿಯ ವೆಚ್ಚ ರೂ. 10,21,000 ಆಗುತ್ತದೆ. ಬಡ್ಡಿಯನ್ನು ಬಿಟ್ಟು ನೋಡಿದರೆ ಎರಡೂ ದಾರಿಗಳ ನಡುವೆ ಒಂದು ಲಕ್ಷದಷ್ಟೇ ವ್ಯತ್ಯಾಸ.

ಆದರೆ ಮೂರನೆಯ ವರ್ಷದ ಕೊನೆಯಲ್ಲಿ ನಿಂತು ಹಿಂತಿರುಗಿ ನೋಡಿ. ಮೊದಲ ದಾರಿಯಲ್ಲಿ ಅಷ್ಟರೊಳಗೆ ಹನ್ನೊಂದು ಲಕ್ಷ ಕೈಬಿಟ್ಟಿರುತ್ತದೆ, ಫಲ ಬರಲಿ ಬಾರದಿರಲಿ. ಎರಡನೆಯ ದಾರಿಯಲ್ಲಿ ಕೈಬಿಟ್ಟಿರುವುದು ಒಂದೂಕಾಲು ಲಕ್ಷ. ಆ ಹೊತ್ತಿಗೆ ಮಗಳ ಒಲವು ಬ್ಯಾಂಕ್ ಪರೀಕ್ಷೆಯ ಕಡೆ ತಿರುಗಿರಬಹುದು, ಲೆಕ್ಕಪತ್ರದ ಕಡೆ ತಿರುಗಿರಬಹುದು. ಅಥವಾ ಅಂಕಿಗಳಲ್ಲಿ ನಿಜವಾದ ಪ್ರತಿಭೆ ಇದೆಯೆಂದು ತಿಳಿದಿರಬಹುದು. ಆಗ ದೊಡ್ಡ ಹಣ ಹಾಕುವುದೋ ಬೇಡವೋ ಎಂದು ತೀರ್ಮಾನಿಸಬಹುದು. ಮಳೆ ಹೇಗಿದೆಯೆಂದು ನೋಡಿಕೊಂಡು ಮೇಲುಗೊಬ್ಬರವನ್ನು ಕಂತುಗಳಲ್ಲಿ ಕೊಡುವ ರೈತನಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬಿತ್ತುವ ದಿನವೇ ಇಡೀ ಗೊಬ್ಬರ ಸುರಿಯುವುದು ಜಾಣತನವಲ್ಲ.

ಸರಾಸರಿ ಎಂಬ ಮಾತಿನ ಮರ್ಮ

ಫಲದ ಕಡೆ ಬರೋಣ. ಹತ್ತು ವಿದ್ಯಾರ್ಥಿಗಳ ತರಗತಿಯಲ್ಲಿ ಒಂಬತ್ತು ಮಂದಿಗೆ ವರ್ಷಕ್ಕೆ ಮೂರು ಲಕ್ಷದ ಕೆಲಸ, ಒಬ್ಬನಿಗೆ ಇಪ್ಪತ್ತಮೂರು ಲಕ್ಷದ ಕೆಲಸ ಸಿಕ್ಕಿತೆನ್ನಿ. ಸರಾಸರಿ ಐದು ಲಕ್ಷ. ಆದರೆ ಐದು ಲಕ್ಷದ ಸಂಬಳ ಆ ತರಗತಿಯಲ್ಲಿ ಒಬ್ಬನಿಗೂ ಇಲ್ಲ! ಎಲ್ಲರನ್ನೂ ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ ನಡುವೆ ನಿಂತವನ ಸಂಬಳ ಕೇಳಿದರೆ ಮೂರು ಲಕ್ಷ. ಇದನ್ನು ಮಧ್ಯಾಂಕ ಅಥವಾ ಮೀಡಿಯನ್ ಎನ್ನುತ್ತಾರೆ. ರೈತ ಕೇಳಬೇಕಾದ ಸಂಖ್ಯೆ ಇದೇ. ವಿಶ್ಲೇಷಣೆ ಕಲಿಸುತ್ತೇವೆನ್ನುವ ಕಾಲೇಜು ತನ್ನ ಮಧ್ಯಾಂಕವನ್ನು ಹೇಳಲು ಹಿಂಜರಿದರೆ, ಅದೇ ಒಂದು ಉತ್ತರ.

ಇನ್ನೊಂದು ಜಾಗ್ರತೆ. "ಶೇಕಡಾ 90 ಮಂದಿಗೆ ಕೆಲಸ" ಎಂದಾಗ ಯಾರಲ್ಲಿ ಶೇಕಡಾ 90 ಎಂದು ಕೇಳಿ. ಸೇರಿದವರೆಲ್ಲರಲ್ಲಿಯೋ, ಅಥವಾ ಉದ್ಯೋಗ ವಿಭಾಗದಲ್ಲಿ ಹೆಸರು ಬರೆಸಿ ಅರ್ಹರೆನಿಸಿಕೊಂಡವರಲ್ಲಿ ಮಾತ್ರವೋ? ನೂರು ಸಸಿ ನೆಟ್ಟು ನಲವತ್ತು ಸತ್ತ ಮೇಲೆ, ಉಳಿದ ಅರವತ್ತರಲ್ಲಿ ಐವತ್ತನಾಲ್ಕು ಕಾಯಿ ಬಿಟ್ಟವು ಎಂದರೆ ಅದೂ ಶೇಕಡಾ 90 ತಾನೆ?

ಈ ಸಂಖ್ಯೆಗಳನ್ನು ಕಾಲೇಜಿನವರ ಬಾಯಿಂದಲೇ ಕೇಳಬೇಕಾಗಿಲ್ಲ. ಕೇಂದ್ರ ಸರ್ಕಾರ 2015ರಲ್ಲಿ ರೂಪಿಸಿದ ಎನ್.ಐ.ಆರ್.ಎಫ್. ಎಂಬ ಶ್ರೇಯಾಂಕ ವ್ಯವಸ್ಥೆಯಲ್ಲಿ ಭಾಗವಹಿಸುವ ಸಂಸ್ಥೆಗಳು ಎಷ್ಟು ಮಂದಿ ನಿಗದಿತ ಅವಧಿಯಲ್ಲಿ ಓದು ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಮಧ್ಯಾಂಕ ಸಂಬಳ ಎಷ್ಟು, ಎಷ್ಟು ಮಂದಿ ಮುಂದಿನ ಓದಿಗೆ ಹೋದರು ಎಂಬ ವಿವರ ಸಲ್ಲಿಸಬೇಕು. ಅದು ಸಾರ್ವಜನಿಕವಾಗಿ ದೊರೆಯುತ್ತದೆ. ಊರಿನ ಸೇವಾ ಕೇಂದ್ರದಲ್ಲಿಯೋ ಮಗಳ ಮೊಬೈಲಿನಲ್ಲಿಯೋ ಅರ್ಧ ಗಂಟೆಯಲ್ಲಿ ನೋಡಬಹುದು. ಬಿತ್ತನೆ ಬೀಜದ ಚೀಲಕ್ಕೆ ಹೊಲಿದಿರುವ ಚೀಟಿಯಲ್ಲಿ ಮೊಳಕೆಯ ಪ್ರಮಾಣ ನೋಡದೆ ಬೀಜ ಕೊಳ್ಳುವ ರೈತನಿಲ್ಲ. ಲಕ್ಷಾಂತರ ರೂಪಾಯಿಯ ಪದವಿಗೆ ಆ ಚೀಟಿ ಬೇಡವೇ?

ಬೇರೆ ಬಾಗಿಲುಗಳು

ಕಡಿಮೆ ಖರ್ಚಿನಲ್ಲಿ ಈ ವಿದ್ಯೆಯನ್ನು ರುಚಿ ನೋಡುವ ದಾರಿಯೂ ಈಗ ಉಂಟು. ಐ.ಐ.ಟಿ. ಮದ್ರಾಸ್ 2020ರಲ್ಲಿ ಡೇಟಾ ಸೈನ್ಸ್ ವಿಷಯದಲ್ಲಿ ಮನೆಯಲ್ಲೇ ಕುಳಿತು ಓದುವ ಪದವಿಯನ್ನು ಆರಂಭಿಸಿತು. ಇದಕ್ಕೆ ಜೆ.ಇ.ಇ. ಪರೀಕ್ಷೆ ಬೇಡ. ಕೆಲವು ವಾರ ಪಾಠ ಕೇಳಿ ಅರ್ಹತಾ ಪರೀಕ್ಷೆ ಪಾಸಾದವರು ಮುಂದುವರಿಯಬಹುದು. ವಾಣಿಜ್ಯ, ಕಲೆ ಓದಿದವರಿಗೂ ಅವಕಾಶವಿದೆ. ಶುಲ್ಕವನ್ನು ತೆಗೆದುಕೊಂಡ ಪಾಠಗಳಿಗೆ ತಕ್ಕಂತೆ ಕಟ್ಟಬಹುದು. ಕಡಿಮೆ ವರಮಾನದವರಿಗೂ ಮೀಸಲು ವರ್ಗದವರಿಗೂ ರಿಯಾಯಿತಿಯಿದೆ. ಅರ್ಧದಲ್ಲಿ ನಿಲ್ಲಿಸಿದರೂ ಮುಗಿಸಿದ ಹಂತಕ್ಕೆ ಪ್ರಮಾಣಪತ್ರವೋ ಡಿಪ್ಲೊಮವೋ ದೊರೆಯುತ್ತದೆ. ಯು.ಜಿ.ಸಿ. 2022ರಲ್ಲಿ ಎರಡು ಪದವಿಗಳನ್ನು ಏಕಕಾಲಕ್ಕೆ ಓದಲು ಅನುಮತಿ ನೀಡಿರುವುದರಿಂದ, ಊರ ಹತ್ತಿರದ ಕಾಲೇಜಿನ ಬಿ.ಕಾಂ. ಜೊತೆಗೇ ಇದನ್ನೂ ನಡೆಸಬಹುದು. ಆದರೆ ಇದು ಸುಲಭದ ಓದಲ್ಲ. ಗಣಿತಕ್ಕೆ ಬೆನ್ನು ತಿರುಗಿಸುವವರು ಇಲ್ಲಿ ನಿಲ್ಲಲಾರರು. ಅದನ್ನು ಕೆಲವು ಸಾವಿರ ರೂಪಾಯಿಯಲ್ಲೇ ತಿಳಿದುಕೊಳ್ಳುವುದು ಲಾಭವೇ.

ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದ ರೈತರ ಮಕ್ಕಳಿಗೆ ನಮ್ಮ ಕೃಷಿ ವಿಶ್ವವಿದ್ಯಾನಿಲಯಗಳ ಬಾಗಿಲು ತೆರೆದೇ ಇದೆ. ಸಿ.ಇ.ಟಿ. ಮೂಲಕ ರೈತರ ಮಕ್ಕಳಿಗೆ ಪ್ರತ್ಯೇಕ ಮೀಸಲು ಸ್ಥಾನಗಳಿವೆ. ಕೃಷಿ ಪದವಿಯಲ್ಲಿ ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರಗಳ ಪಾಠವಿದೆ. ಕೃಷಿ ವ್ಯವಹಾರ ನಿರ್ವಹಣೆಯ ಓದೂ ಇದೆ. ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೆ ಬೇಕಾದದ್ದು ಕೃಷಿ ಅಥವಾ ಅದಕ್ಕೆ ಸಂಬಂಧಿಸಿದ ನಾಲ್ಕು ವರ್ಷದ ಪದವಿ. ಬೆಳೆಯನ್ನೂ ಅಂಕಿಯನ್ನೂ ಬಲ್ಲವರು ವಿಮಾ ಕಂಪನಿಗಳಿಗೂ ರೈತ ಉತ್ಪಾದಕ ಸಂಸ್ಥೆಗಳಿಗೂ ಬೇಕಾದವರು.

ದೊಡ್ಡ ಸಂಸ್ಥೆಗಳ ಮಾತೇ ಬೇರೆ. ಐ.ಐ.ಎಂ. ಬೆಂಗಳೂರಿನಲ್ಲಿ 2020ರಿಂದ ಬಿಸಿನೆಸ್ ಅನಲಿಟಿಕ್ಸ್ ವಿಷಯದಲ್ಲೇ ಎರಡು ವರ್ಷದ ಎಂ.ಬಿ.ಎ. ನಡೆಯುತ್ತಿದೆ. ಶುಲ್ಕ ಇಪ್ಪತ್ತು ಲಕ್ಷವನ್ನೂ ಮೀರುತ್ತದೆ. ಅಲ್ಲಿ ಸೀಟು ಸಿಕ್ಕರೆ ಸಾಲಕ್ಕೆ ಹೆದರಬೇಕಾಗಿಲ್ಲವೆಂಬುದು ನನ್ನ ಅಭಿಪ್ರಾಯ. ಏಕೆಂದರೆ ಅಲ್ಲಿ ಸೀಟು ಗಳಿಸಲು ಬೇಕಾದ ಪರಿಶ್ರಮವೇ ಅರ್ಧ ಖಾತರಿ. ಹಣ ಕೊಟ್ಟವರಿಗೆಲ್ಲ ಸಿಗುವ ಸೀಟಿಗೂ ಅದಕ್ಕೂ ಹೋಲಿಕೆಯಿಲ್ಲ. ಎರಡರ ಹೆಸರು ಒಂದೇ ಆಗಿರುವುದರಿಂದ ಮೋಸಹೋಗಬಾರದು.

ಜಮೀನಿನ ಮಾತು

ಕೆಲವರು ಕೇಳುತ್ತಾರೆ: "ಇಪ್ಪತ್ತು ಗುಂಟೆ ರಾಗಿಯಿಂದ ಏನು ಬರುತ್ತದೆ? ಮಾರಿ ಮಕ್ಕಳನ್ನು ಓದಿಸುವುದೇ ಮೇಲು." ಈ ಮಾತಿನಲ್ಲಿ ಸತ್ಯವಿಲ್ಲದಿಲ್ಲ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಭಾಗದಲ್ಲಿ ಭೂಮಿಯ ಬೆಲೆಗೂ ಅದರ ಬೆಳೆಗೂ ಸಂಬಂಧವೇ ತಪ್ಪಿದೆ. ಓದಿಗಾಗಿ ಭೂಮಿ ಮಾರಿದವರೆಲ್ಲ ಕೆಟ್ಟಿಲ್ಲ. ಆದರೆ ಮಾರಿದ ಭೂಮಿ ಮರಳಿ ಬರುವುದಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದರು. 2025ರ ಜುಲೈನಲ್ಲಿ ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ಅಷ್ಟು ಬೆಲೆಬಾಳುವ ನೆಲವನ್ನು ಒಂದು ಹೊಳಪು ಕಾಗದದ ಸರಾಸರಿಯನ್ನು ನಂಬಿ ಬಿಟ್ಟುಕೊಡುವುದು ಸರಿಯೇ?

ಭೂಮಿ ಮಾರುವುದಕ್ಕಿಂತ ಸಾಲ ಮೇಲು, ಅದೂ ಸರಿಯಾದ ಸಾಲವಾದರೆ. ಸಾಲ ಖಾತರಿ ನಿಧಿಯ ರಕ್ಷಣೆಯಲ್ಲಿ ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಜಮೀನಿನ ಆಧಾರ ಬೇಕಿಲ್ಲ. 2024ರ ನವೆಂಬರ್‌ನಲ್ಲಿ ಮಂಜೂರಾದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಸಂಸ್ಥೆಗಳಿಗೆ ಅರ್ಹತೆಯ ಮೇಲೆ ಸೇರುವವರಿಗೆ ಆಧಾರವಿಲ್ಲದ ಸಾಲವಿದೆ. ಕುಟುಂಬದ ವರಮಾನ ಎಂಟು ಲಕ್ಷದೊಳಗಿದ್ದರೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಶೇಕಡಾ 3ರ ಬಡ್ಡಿ ನೆರವೂ ಉಂಟು. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ. ಇಲ್ಲವಾದರೆ ಏಕಿಲ್ಲ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಸೇರುವ ಮುನ್ನ ಕೇಳಬೇಕಾದ್ದು

1. ಪದವಿ ಕೊಡುವ ವಿಶ್ವವಿದ್ಯಾನಿಲಯ ಯಾವುದು? 2024-25ರಿಂದ ಬಿ.ಬಿ.ಎ. ಕೋರ್ಸುಗಳೂ ಎ.ಐ.ಸಿ.ಟಿ.ಇ. ವ್ಯಾಪ್ತಿಗೆ ಬಂದಿವೆ. ಅನುಮೋದನೆ ಇದೆಯೇ?

2. ಮೂರು ವರ್ಷದ ಒಟ್ಟು ಶುಲ್ಕ ಎಷ್ಟು? ಪರೀಕ್ಷಾ ಶುಲ್ಕ, ತರಬೇತಿ ಶುಲ್ಕ, ಪ್ರವಾಸ ಮೊದಲಾದವು ಸೇರಿವೆಯೇ? ಬರಹದಲ್ಲಿ ಪಡೆಯಿರಿ.

3. ಕಳೆದ ಮೂರು ವರ್ಷ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಪಾಸಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಮಧ್ಯಾಂಕ ಸಂಬಳ ಎಷ್ಟು, ಕೆಲಸದ ಹೆಸರೇನು?

4. ಸಂಖ್ಯಾಶಾಸ್ತ್ರ ಎಷ್ಟು ಪತ್ರಿಕೆಗಳಲ್ಲಿದೆ? ಅದನ್ನು ಕಲಿಸುವವರು ಕಾಯಂ ಅಧ್ಯಾಪಕರೇ? ತಂತ್ರಾಂಶದ ಹೆಸರುಗಳ ಪಟ್ಟಿಗೆ ಮರುಳಾಗಬೇಡಿ. ವರದಿ ಸಿದ್ಧಪಡಿಸುವಂಥ ಸಣ್ಣ ಕೆಲಸಗಳನ್ನು ಈಗ ಯಂತ್ರವೇ ಮಾಡತೊಡಗಿದೆ. ಬುನಾದಿ ಗಟ್ಟಿಯಿದ್ದವರು ಮಾತ್ರ ಅದರ ಮೇಲೆ ನಿಲ್ಲಬಲ್ಲರು.

5. ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರನ್ನು ನೀವೇ ಹುಡುಕಿ ಮಾತನಾಡಿಸಿ. ಕಾಲೇಜು ತೋರಿಸುವವರನ್ನಲ್ಲ.

6. ಮೂಲ ಅಂಕಪಟ್ಟಿಗಳನ್ನು ಒತ್ತೆಯಂತೆ ಇಟ್ಟುಕೊಳ್ಳುವುದನ್ನು ಯು.ಜಿ.ಸಿ. 2018ರಲ್ಲೇ ನಿಷೇಧಿಸಿದೆ. ಪರಿಶೀಲನೆಯ ನಂತರ ಹಿಂದಕ್ಕೆ ಪಡೆಯಿರಿ. ಶುಲ್ಕ ವಾಪಸಾತಿಯ ಕೊನೆಯ ದಿನಾಂಕ ತಿಳಿದುಕೊಳ್ಳಿ.

ದೊಡ್ಡಬಳ್ಳಾಪುರದ ಆ ರೈತರು ಲೆಕ್ಕದ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋದರು. ಮರುದಿನ ತಂದೆ ಮಗಳು ಇಬ್ಬರೂ ಕಾಲೇಜಿಗೆ ಹೋಗಿ ಮೂರನೆಯ ಪ್ರಶ್ನೆಯನ್ನು ಕೇಳಿದರಂತೆ. ಬರಹದಲ್ಲಿ ಉತ್ತರ ಸಿಗಲಿಲ್ಲ. ಮಗಳು ಈಗ ಊರ ಹತ್ತಿರದ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಾಳೆ, ರಾತ್ರಿ ಐ.ಐ.ಟಿ. ಮದ್ರಾಸಿನ ಪಾಠ ಕೇಳುತ್ತಾಳೆ. ಅರ್ಹತಾ ಪರೀಕ್ಷೆಯನ್ನು ಎರಡನೆಯ ಸಲಕ್ಕೆ ದಾಟಿದಳು. ಇದರ ಫಲ ಹೇಗೆಂದು ಹೇಳಲು ಇನ್ನೂ ಮೂರು ನಾಲ್ಕು ವರ್ಷ ಬೇಕು. ಸದ್ಯಕ್ಕೆ ಇಪ್ಪತ್ತು ಗುಂಟೆ ಅವರ ಹೆಸರಿನಲ್ಲೇ ಇದೆ, ಈ ಮುಂಗಾರಿನಲ್ಲಿ ಅಲ್ಲಿ ರಾಗಿ ನಿಂತಿದೆ.

ಮಕ್ಕಳ ಓದಿನ ವಿಷಯದಲ್ಲಿ ಲೆಕ್ಕ ಹಾಕುವುದು ಜಿಪುಣತನವೆಂದು ರೈತಬಾಂಧವರು ಸಂಕೋಚಪಡುವುದುಂಟು. ಆ ಸಂಕೋಚ ಬೇಡ. ಲೆಕ್ಕ ಹಾಕುವುದನ್ನೇ ಕಲಿಸುವ ಪದವಿಗೆ ಸೇರುವ ಮುನ್ನ ಮೊದಲ ಲೆಕ್ಕವನ್ನು ಮನೆಯಲ್ಲಿಯೇ ಹಾಕಿ. ಹಾಕುವಾಗ ಮಗಳ ಕೈಗೆ ಪೆನ್ನು ಕೊಡಿ.